ತಣ್ಣಗಿನ ಹಾಳೆ

ದೆವ್ವ ಗಿವ್ವ ನಂಬುವವನಲ್ಲ ನಾನು. ಹನ್ನೊಂದು ವರ್ಷದಿಂದ ಆಫೀಸುಗಳಲ್ಲಿ ಕಂಪ್ಯೂಟರ್, ಪ್ರಿಂಟರ್ ಜೋಡಿಸುವುದೇ ನನ್ನ ಕೆಲಸ. ಭಾವ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದಳು.

"ಅವರ ಹಳೇ ಪ್ರಿಂಟರ್ ನನ್ನ ಲ್ಯಾಪ್‌ಟಾಪಿಗೆ ಸೇರಿಸಿಕೊಡೋ. ಹೊಸದು ತಗೋ ಅಂತ ಮಾತ್ರ ಹೇಳ್ಬೇಡ."

ಭಾನುವಾರ ಬೆಳಿಗ್ಗೆ ಹೋದೆ. ವೈಫೈ ಇಲ್ಲದ ಕಾಲದ ಲೇಸರ್ ಪ್ರಿಂಟರ್ ಅದು. ರೂಟರಿನಿಂದ ಕೇಬಲ್ ಎಳೆಯಲೇಬೇಕು. ಲ್ಯಾಪ್‌ಟಾಪಿನ ಕೆಲಸ ಮುಗಿಸಿ, ಕೊನೆಗೆ ಕೇಬಲ್ ಹಾಕುವುದು ನನ್ನ ಪದ್ಧತಿ. ಲ್ಯಾಪ್‌ಟಾಪಿನದು ಮುಗಿಯುವಷ್ಟರಲ್ಲಿ ಅಕ್ಕ ಕಾಫಿಗೆ ಕರೆದಳು. ನಾವಿಬ್ಬರೂ ಅಡುಗೆಮನೆಯಲ್ಲಿ ಕೂತಿದ್ದಾಗ, ಯಾರೂ ಇಲ್ಲದ ಪ್ರಿಂಟರ್ ರೂಮಿನಿಂದ ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ಪ್ರಿಂಟರಿಗೆ ಹಾಳೆ ತುಂಬುವ ಮೊದಲು ಅಂಚು ಸರಿಯಾಗಲೆಂದು ಭಾವ ಕಟ್ಟನ್ನು ಮೇಜಿಗೆ ಹಾಗೇ ಕುಟ್ಟುತ್ತಿದ್ದರು. ಅಕ್ಕ ತಲೆ ಎತ್ತಲಿಲ್ಲ.

ವಾಪಸ್ ಹೋಗಿ ಟೆಸ್ಟ್ ಪೇಜ್ ಕೊಟ್ಟೆ. ಬಂತು. ಲೇಸರ್ ಪ್ರಿಂಟರಿನ ಹಾಳೆ ಬಿಸಿಯಾಗಿ ಹೊರಬರಬೇಕು. ಇದು ಫ್ರಿಜ್ಜಿನಿಂದ ತೆಗೆದ ಹಾಗಿತ್ತು. ಅಕ್ಷರಗಳೇನೋ ಅಚ್ಚುಕಟ್ಟಾಗಿದ್ದವು. ಕೆಲಸವಾಯಿತಲ್ಲ ಎಂದು ಹೊರಟೆ.

ಮನೆಗೆ ಬಂದು ಬ್ಯಾಗ್ ತೆರೆದರೆ ಕೇಬಲ್ ಅದರಲ್ಲೇ ಇತ್ತು. ಪ್ಲಾಸ್ಟಿಕ್ ಕವರನ್ನೂ ಒಡೆದಿರಲಿಲ್ಲ. ಕಾಫಿಯ ಗಡಿಬಿಡಿಯಲ್ಲಿ ಹಾಕುವುದನ್ನೇ ಮರೆತಿದ್ದೆ. ಕೂಡಲೇ ಫೋನ್ ಮಾಡಿದೆ.

"ಅಕ್ಕಾ, ಅದರಲ್ಲಿ ಪ್ರಿಂಟ್ ಆಗಲ್ಲ. ನಾಳೆ ಬಂದು ಕೇಬಲ್ ಹಾಕ್ತೀನಿ."

ಆ ಕಡೆಯಿಂದ ಟಕ್ ಟಕ್ ಕೇಳಿಸಿತು.

"ಬೇಡ ಬಿಡೋ," ಎಂದಳು. "ಚೆನ್ನಾಗೇ ಬರ್ತಿದೆ. ಸ್ವಲ್ಪ ತಣ್ಣಗಿರುತ್ತೆ, ಅಷ್ಟೇ."

ಎರಡು ವರ್ಷವಾಯಿತು. ಅಕ್ಕ ಈಗಲೂ ಅದರಲ್ಲೇ ಪ್ರಿಂಟ್ ತೆಗೆಯುತ್ತಾಳೆ. ಕೇಬಲ್ ನನ್ನ ಡ್ರಾಯರಿನಲ್ಲಿದೆ, ಕವರ್ ಒಡೆದಿಲ್ಲ.