ಬಲಗಡೆಯ ಖಾಲಿ ಖಾನೆ

"ಬಲಗಡೆ ಸಪ್ಲೈ ಯಾರ್ರೀ ಹಾಕಿದ್ದು?"

ಟೆಸ್ಟ್ ರೂಮಿನ ಬಾಗಿಲಲ್ಲೇ ನಿಂತು ಕೂಗಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ನಲವತ್ತು ಆಂಪ್ ತೋರಿಸಬೇಕಿದ್ದ ಮೀಟರು ಇಪ್ಪತ್ತರಲ್ಲಿ ನಿಂತಿತ್ತು. ಅಂದರೆ ನನ್ನ ಪವರ್ ಸಪ್ಲೈ ಅರ್ಧ ಭಾರವನ್ನಷ್ಟೇ ಹೊತ್ತಿತ್ತು, ಉಳಿದರ್ಧವನ್ನು ಇನ್ನೊಂದು ಹೊರುತ್ತಿತ್ತು. ಒಂಟಿಯಾಗಿ ನನ್ನದು ಎಷ್ಟು ತಾಳುತ್ತದೆ ಎಂದು ನೋಡುವುದೇ ಅಂದಿನ ಪರೀಕ್ಷೆ.

"ಯಾರೂ ಹಾಕಿಲ್ಲಮ್ಮಾ," ಎಂದರು ಮ್ಯಾನೇಜರ್. "ಹಾಕೋಕೆ ಇನ್ನೊಂದು ಎಲ್ಲಿದೆ?"

ಬಗ್ಗಿ ಪೆಟ್ಟಿಗೆಯ ಹಿಂಬದಿ ನೋಡಿದೆ. ಬಲಗಡೆಯ ಖಾನೆ ಖಾಲಿ. ಆ ಖಾಲಿಯೊಳಗಿಂದ ಬಿಸಿ ಗಾಳಿ ಬಂದು ಕೆನ್ನೆಗೆ ತಾಗಿತು.

ಅದು ಅವನ ಖಾನೆ.

ಆ ಪೆಟ್ಟಿಗೆ ಒಂದು ಆಸ್ಪತ್ರೆಯ ನೆಟ್‌ವರ್ಕಿಗೆ ಹೋಗಬೇಕಾದದ್ದು. ಅಲ್ಲಿನ ಪ್ರತಿ ವಾರ್ಡಿನ ಅಲಾರಂ ಇದರ ಮೂಲಕವೇ ಹೋಗಬೇಕು. ಅದಕ್ಕೇ ಎರಡು ಸಪ್ಲೈ. ಎರಡೂ ಅರ್ಧರ್ಧ ಹೊರಬೇಕು, ಒಂದು ಸತ್ತರೆ ಇನ್ನೊಂದು ಚಕಾರವೆತ್ತದೆ ಪೂರ್ತಿ ಹೊರಬೇಕು. ಒಂದೇ ತಪ್ಪು ಎರಡರಲ್ಲೂ ನುಸುಳಬಾರದೆಂದು ಎಡಗಡೆಯದನ್ನು ನನ್ನ ಕೈಲಿ, ಬಲಗಡೆಯದನ್ನು ಅವನ ಕೈಲಿ ಡಿಸೈನ್ ಮಾಡಿಸಿದ್ದರು.

ನಾನು ಅವನನ್ನು ತರಲೆ ಎನ್ನುತ್ತಿದ್ದೆ, ಅವನು ನನ್ನನ್ನು ಸಿಡುಕಿ. ಎದುರುಬದುರು ಮೇಜು, ನಡುವೆ ಕರೆಂಟಿನ ಅಲೆ ತೋರಿಸುವ ಆಸಿಲೋಸ್ಕೋಪು. ಅದರ ಮೇಲಿಂದ ಮೊದಲು ಹುಬ್ಬು ಕಾಣಿಸುತ್ತಿತ್ತು, ಆಮೇಲೆ ನಗು ಬಚ್ಚಿಟ್ಟುಕೊಂಡ ಕಣ್ಣು.

"ಏನ್ ನೋಡ್ತಿದ್ದೀಯ?"

"ವೇವ್‌ಫಾರ್ಮ್."

"ಅದು ನಿನ್ ಕಡೆ ಇದೆ."

"ಹೌದಾ? ಆ ಕಡೆ ಸ್ಪಾರ್ಕ್ ಜಾಸ್ತಿ ಕಾಣ್ತಿತ್ತು."

ನಾನೇ ಮೊದಲು ಬಾಯಿ ಬಿಡುವುದೇ ಎಂಬ ಬಿಗುಮಾನ ನನಗೆ. ಅವನಿಗೆ ಎಲ್ಲವೂ ತಮಾಷೆ. ಹೋದ ತಿಂಗಳು ತನ್ನ ಸಪ್ಲೈಯನ್ನು ಬ್ಯಾಗಿಗೆ ಹಾಕಿಕೊಂಡು ಇನ್ನೊಂದು ಲ್ಯಾಬಿಗೆ ಬೈಕಿನಲ್ಲಿ ಹೊರಟವನಿಗೆ ಲಾರಿ ಗುದ್ದಿತು. ಅವನೂ ಬರಲಿಲ್ಲ, ಸಪ್ಲೈಯೂ ಬರಲಿಲ್ಲ.

ಮ್ಯಾನೇಜರ್ ಮೀಟರು ನೋಡಿ ಹಿಗ್ಗಿದರು. "ಅರ್ಧ ಕರೆಂಟಿನಲ್ಲೇ ನಡೀತಿದೆ, ಎಷ್ಟು ತಣ್ಣಗಿದೆ ನೋಡಿ! ಒಂದೇ ಸಾಕು. ನಾಳೆ ಆಸ್ಪತ್ರೆಗೆ ಕಳಿಸೋಣ. ಬಲಗಡೆಯದು ರೆಡಿಯಾದ್ಮೇಲೆ ಹಾಕಿದ್ರಾಯ್ತು. ಪಾಸ್ ತಾನೇ?"

"ಮಧ್ಯಾಹ್ನ ಹೇಳ್ತೀನಿ ಸರ್."

ಅವರು ಹೋದರು. ಬಾಗಿಲು ಹಾಕಿದೆ.

"ತರಲೆ, ನೀನೇನಾ? ಹೌದು ಅಂದ್ರೆ ಇನ್ನೂ ಸ್ವಲ್ಪ ಎತ್ಕೋ."

ಮೀಟರು ಇಪ್ಪತ್ತರಿಂದ ಹದಿನೆಂಟಕ್ಕೆ ಇಳಿಯಿತು. ಮೈಯೆಲ್ಲ ಜುಮ್ಮೆಂದಿತು, ಕೈಯ ರೋಮ ನಿಂತಿತು.

"ನನ್ನ ಹೆದರಿಸೋಕೆ ಬಂದ್ಯಾ?"

ಇಪ್ಪತ್ತೆರಡಕ್ಕೆ ಏರಿತು.

"ಅಯ್ಯೋ, ಇಲ್ಲ ಅನ್ನೋಕೆ ನನ್ ತಲೆಗೆ ಹೊರಿಸ್ತೀಯಾ? ಸತ್ರೂ ಬುದ್ಧಿ ಬರ್ಲಿಲ್ವಲ್ಲೋ ನಿಂಗೆ!"

ಮೀಟರು ಹದಿನೆಂಟು, ಇಪ್ಪತ್ತೆರಡು, ಹದಿನೆಂಟು ಎಂದು ಕುಣಿಯಿತು. ಅವನು ನಗುವಾಗ ಭುಜ ಹೀಗೇ ಕುಣಿಯುತ್ತಿತ್ತು. ಭಯ ಹೋಗಿರಲಿಲ್ಲ, ಆದರೂ ನಾನು ನಕ್ಕೆ. ನಗುತ್ತಲೇ ಅಳು ಬಂತು.

"ನಾಳೆ ಆಸ್ಪತ್ರೆಗೂ ಜೊತೆಗೆ ಹೋಗ್ತೀಯಾ?"

ಮೀಟರು ಅಲುಗಲಿಲ್ಲ. ಗೊತ್ತಿಲ್ಲ ಎಂದರ್ಥ, ಅಥವಾ ಆಗುವುದಿಲ್ಲ ಎಂದು.

"ಹಾಗಿದ್ರೆ ಒಂದ್ಸಲ ಬಿಡು. ನನ್ನದು ಒಂಟಿಯಾಗಿ ತಾಳುತ್ತಾ ನೋಡ್ಬೇಕು."

ಅವನು ಬಿಡಲಿಲ್ಲ.

"ಬಿಡೋ ಅಂದ್ರೆ!"

ಮೀಟರು ಒಮ್ಮೆಲೇ ನಲವತ್ತಕ್ಕೆ ಹಾರಿತು. ಫ್ಯಾನು ಕಿರುಚಿತು. ಬಿಸಿ ಏರುತ್ತಾ ಹೋಯಿತು, ವಾರ್ನಿಷ್ ಸುಟ್ಟ ವಾಸನೆ ಬಂತು, ಕೆಂಪು ದೀಪ ಮಿನುಗಿತು. ಇನ್ನೇನು ನನ್ನ ಸಪ್ಲೈ ಆರಬೇಕು, ಅಷ್ಟರಲ್ಲಿ ಮತ್ತೆ ಇಪ್ಪತ್ತು. ಅವನು ಹಿಡಿದುಕೊಂಡಿದ್ದ.

ನನ್ನ ಡಿಸೈನ್ ಫೇಲು. ಅವನಿಲ್ಲದೆ ಅದು ತಾಳುತ್ತಿರಲಿಲ್ಲ.

"ಇನ್ನೊಂದ್ಸಲ," ಎಂದು ಒಂದು ಟಿಶ್ಯೂ ಪೇಪರನ್ನು ಖಾಲಿ ಖಾನೆಯ ಬಾಯಿಗೆ ಹಿಡಿದೆ. ಅವನಿದ್ದಾಗ ಅದು ಹೊರಕ್ಕೆ ಹಾರಾಡುತ್ತಿತ್ತು. ಅವನು ಬಿಟ್ಟ ಕೂಡಲೇ ಖಾನೆ ಅದನ್ನು ಸೊರ್ರನೆ ಒಳಕ್ಕೆ ಎಳೆದುಕೊಂಡಿತು. ಆಗ ಹೊಳೆಯಿತು. ನನ್ನ ಫ್ಯಾನು ಹಿಂದಕ್ಕೆ ಊದಿದ ಬಿಸಿಯೇ ತಿರುಗಿ ಆ ಖಾನೆಯಿಂದ ನುಗ್ಗಿ ನನ್ನ ಸಪ್ಲೈಗೇ ಬರುತ್ತಿತ್ತು. ನಾವು ಯಾವಾಗಲೂ ವೈರು ಕಿತ್ತಷ್ಟೇ ಟೆಸ್ಟ್ ಮಾಡಿದ್ದೆವು. ಸಪ್ಲೈ ಸತ್ತರೂ ಅದರ ಮೈ ಖಾನೆ ತುಂಬಿಕೊಂಡಿರುತ್ತಿತ್ತು. ಖಾನೆಯೇ ಬರಿದಾಗುವುದನ್ನು ನಾವಿಬ್ಬರೂ ಎಣಿಸಿರಲಿಲ್ಲ.

ಮದ್ದು ಸುಲಭ. ಒಂದು ತಗಡು, ಎರಡು ಸ್ಕ್ರೂ. ಖಾನೆ ಮುಚ್ಚಿಬಿಟ್ಟರೆ ಆಯಿತು.

ತಗಡನ್ನು ಕತ್ತರಿಸಿ ತಂದು ಮಡಿಲಲ್ಲಿಟ್ಟುಕೊಂಡು ಕೂತೆ. ಏಳಲು ಮನಸ್ಸಾಗಲಿಲ್ಲ. ಫೇಲ್ ಎಂದು ಹೇಳಿಬಿಟ್ಟರೆ ಈ ಪೆಟ್ಟಿಗೆ ಇಲ್ಲೇ ಉಳಿಯುತ್ತದೆ. ಇವನೂ ಉಳಿಯುತ್ತಾನೆ. ದಿನಾ ಬಂದು ಜಗಳವಾಡಬಹುದು. ಆದರೆ ಇದಕ್ಕಾಗಿ ಅಲ್ಲಿ ಕಾಯುತ್ತಿರುವವರು ರೋಗಿಗಳು. ನನ್ನ ಆಸೆಗೆ ಅವರನ್ನು ಕಾಯಿಸುವುದು ಯಾವ ನ್ಯಾಯ?

"ಮುಚ್ಚಿದ್ರೆ ನೀನು ಹೋಗ್ತೀಯಾ?"

ಹದಿನೆಂಟು.

"ಇಲ್ಲಿ ಬಂದ್ಮೇಲೆ ನಿಂಗಿದು ಗೊತ್ತಾಗಿತ್ತು, ಅಲ್ವಾ? ನಾನು ಕಂಡುಹಿಡೀಲಿ ಅಂತ ಕಾಯ್ತಿದ್ದೆ."

ಹದಿನೆಂಟೇ.

"ಕೇಳು, ತರಲೆ. ಒಂದ್ಸಲ ಸರಿಯಾಗಿ ಉತ್ತರ ಕೊಡು. ತಮಾಷೆ ಬೇಡ." ತಗಡನ್ನು ನೆಲಕ್ಕಿಟ್ಟೆ. "ನನ್ನ ಪ್ರೀತಿಸ್ತಿದ್ಯಾ?"

ಮೀಟರು ಇಳಿಯತೊಡಗಿತು. ಹತ್ತು. ಐದು. ಒಂದು. ಸೊನ್ನೆ. ನನ್ನ ಸಪ್ಲೈಯ ಫ್ಯಾನು ನಿಂತಿತು. ಪೆಟ್ಟಿಗೆಯ ದೀಪವೆಲ್ಲ ಉರಿಯುತ್ತಲೇ ಇತ್ತು. ಇಡೀ ಭಾರವನ್ನು ಅವನೊಬ್ಬನೇ ಎತ್ತಿಕೊಂಡಿದ್ದ.

"ನಾನೂ ಕಣೋ," ಎಂದೆ. "ಮೊದಲಿಂದ್ಲೂ. ಬಾಯ್ಬಿಟ್ಟು ಹೇಳ್ಲಿಲ್ಲ, ಪೆದ್ದಿ ನಾನು."

ಖಾನೆಯ ಬಾಯಿಗೆ ಕೆನ್ನೆ ಕೊಟ್ಟೆ. ಆ ಬಿಸಿಯಲ್ಲಿ ಒಂದಿಷ್ಟು ಹೊತ್ತು ಹಾಗೇ ಇದ್ದೆ. ಆಮೇಲೆ ತಗಡು ಇಟ್ಟು ಮೊದಲ ಸ್ಕ್ರೂ ಬಿಗಿದೆ. ಎರಡನೆಯದಕ್ಕೆ ಕಣ್ಣು ಮಂಜಾಗಿ ತೂತು ಕಾಣಲಿಲ್ಲ, ಬೆರಳಿನಿಂದ ತಡವಿ ಹುಡುಕಿ ಬಿಗಿದೆ.

ನನ್ನ ಫ್ಯಾನು ತಿರುಗಿತು. ಮೀಟರು ನಲವತ್ತಕ್ಕೆ ಏರಿ ನಿಂತಿತು. ಬಿಸಿ ಸ್ವಲ್ಪ ಏರಿ, ಅಲ್ಲಿಗೇ ನಿಂತುಬಿಟ್ಟಿತು. ಕೆಂಪು ದೀಪ ಬರಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಬಂದು ಗಾಬರಿಯಾದರು. "ಏನಮ್ಮಾ ಇದು? ಬೆಳಿಗ್ಗೆ ಇಪ್ಪತ್ತಿತ್ತು, ಈಗ ನಲವತ್ತು?"

"ಈಗ ಒಂದೇ ಹೊರ್ತಿದೆ ಸರ್," ಎಂದೆ. "ಪಾಸ್."