ಕಂಬದ ಮರೆಯ ಬೆಂಚು

ಈ ಕತೆ ಹೇಳುವ ಮೊದಲು ಓದುಗರ ಕ್ಷಮೆ ಕೇಳಬೇಕು. ಕೇಳದೆ ಒಬ್ಬರ ಮುಖವನ್ನು ಊರಿಗೆಲ್ಲ ತೋರಿಸಿದ ಪ್ರಕರಣ ಇದು. ಅದನ್ನೇ ಮತ್ತೆ ಊರಿಗೆ ಹೇಳುವುದು ಎಷ್ಟು ಸರಿ ಎಂಬ ಅಳುಕು ಬಿಟ್ಟುಹೋಗಿಲ್ಲ. ಕಾನೂನಿನ ಮಾತಿನಲ್ಲಿ ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು. ಆದರೂ ಹೇಳಲು ಹೊರಟಿದ್ದು, ತೀರಾ ಕೆಟ್ಟದಾಗಿ ಮುಗಿಯಬಹುದಾಗಿದ್ದ ಸಂಗತಿ ಹಾಗೆ ಮುಗಿಯಲಿಲ್ಲ ಎಂಬ ಒಂದೇ ಸಮಾಧಾನದಿಂದ.

ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ತರೀಕೆರೆಯ ಠಾಣೆಗೆ ಇಬ್ಬರು ಹೆಂಗಸರು ಬಂದರು. ಮುಂದೆ ಬಂದವರು ಅರವತ್ತು ದಾಟಿದ ಸೈದಾನಿ ಬಿ. ಹಿಂದೆ ಎಂಟು ತಿಂಗಳ ಮಗುವನ್ನು ಎತ್ತಿಕೊಂಡ ಸೊಸೆ ಮೆಹನಾಜ್.

ಇನ್‌ಸ್ಪೆಕ್ಟರ್ ತೀರ್ಥಪ್ಪ ಮೇಜಿನ ಡ್ರಾಯರಿಗೆ ಬೀಗ ಹಾಕಿ, ಬಿತ್ತೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿ, ಆಮೇಲೆ ಅವರತ್ತ ತಿರುಗಿದರು. ಇಪ್ಪತ್ತು ವರ್ಷದ ಸರ್ವಿಸ್ ಆಗಿದ್ದರೂ ತಾವು ಎಲ್ಲೋ ಏನೋ ಮರೆತಿದ್ದೇವೆ ಎಂಬ ದಿಗಿಲು ಅವರನ್ನು ಬಿಟ್ಟಿರಲಿಲ್ಲ.

"ಏನಾಯ್ತಮ್ಮಾ?"

"ಇದು ನೋಡಿ ಸಾಬ್." ಸೈದಾನಿ ಬಿ ಫೋನನ್ನು ಮೇಜಿನ ಮೇಲಿಟ್ಟರು.

'ಮೂರೂರ ಮೋಜು' ಎಂಬ ಇನ್‌ಸ್ಟಾಗ್ರಾಂ ಪುಟ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಯಾರೋ ಜಗಳವಾಡುವುದು, ಯಾರೋ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುವುದು, ಇಂಥವೇ ವಿಡಿಯೊಗಳು. ಕೊನೆಯದು ತರೀಕೆರೆ ಬಸ್ ನಿಲ್ದಾಣದ್ದು, ಶನಿವಾರ ತೆಗೆದು ಅಂದೇ ಹಾಕಿದ್ದು. ಮೂಲೆಯಲ್ಲಿ ಕಂಬದ ಮರೆಗಿದ್ದ ಬೆಂಚಿನ ಮೇಲೆ ಸೈದಾನಿ ಬಿ ಮುಖದ ಪರದೆ ಎತ್ತಿಕೊಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಲ್ಲಕ್ಕೆಲ್ಲ ಸುಣ್ಣ. 'ಅಜ್ಜಿಗೆ ಮೇಕಪ್ಪು ಜಾಸ್ತಿ ಆಯ್ತು' ಎಂದು ಬರೆದು, ಮಾತು ಕೇಳಿಸದಂತೆ ಮೇಲೊಂದು ಕುಣಿತದ ಹಾಡು ಹಾಕಿದ್ದರು. ಪಕ್ಕದಲ್ಲಿದ್ದ ಮೆಹನಾಜ್ ಅಳುವ ಮಗುವನ್ನು ಮಡಿಲಿಗೆ ಎಳೆದುಕೊಳ್ಳುವಲ್ಲಿಗೆ ವಿಡಿಯೊ ನಿಂತಿತ್ತು.

ಹೆಡ್ ಕಾನ್‌ಸ್ಟೆಬಲ್ ಬೀರಯ್ಯ ನಗು ತಡೆದುಕೊಂಡ. ಸೈದಾನಿ ಬಿ ಅವನನ್ನು ನೋಡಿಯೇಬಿಟ್ಟರು.

"ನಕ್ಕೊಳ್ಳಪ್ಪಾ, ನಕ್ಕೊ. ಊರೇ ನಕ್ಕದೆ, ನೀನೊಬ್ಬ ಯಾಕೆ ಬಾಕಿ? ನಂದೇನೂ ಇಲ್ಲ, ಹಲ್ಲಿಲ್ಲದ ಬಾಯಿ. ಇವಳ್ದು ಕೇಳು."

ಮೆಹನಾಜ್ ಗಂಡಸರ ಮುಂದೆ ಹೇಳಲಿಲ್ಲ. ಕಾನ್‌ಸ್ಟೆಬಲ್ ತ್ರಿವೇಣಿ ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದು, ಹೇಳಿದ್ದನ್ನು ಬರೆದುಕೊಂಡು ಬಂದಳು.

"ಸಾರ್, ವಿಡಿಯೊ ನಿಂತಿದೆಯಲ್ಲ, ಅದಾದ್ಮೇಲೆ ಆ ಹುಡುಗಿ ಮಗುಗೆ ಹಾಲು ಕೊಟ್ಟಿದ್ದಾಳೆ. ಮಗು ದುಪಟ್ಟಾ ಎಳೆದ್ಬಿಡ್ತಂತೆ. ಎದುರುಗಡೆ ಗೋಡೆ, ಈ ಕಡೆ ಅತ್ತೆ, ಯಾರೂ ನೋಡಲ್ಲ ಅಂತ ಕೂತಿದ್ಲು. ಮಿಕ್ಕಿದ್ದನ್ನ ತೆಗೆದಿದ್ರೆ, ಅದನ್ನೂ ಹಾಕ್ಬಿಟ್ರೆ ಅಂತ ಮೂರು ದಿನದಿಂದ ಊಟ ಬಿಟ್ಟಿದ್ದಾಳೆ. ಗಂಡ ಸೈಫ್‌ಗೂ ಹೇಳಿಲ್ಲ."

ತೀರ್ಥಪ್ಪನವರು ಮತ್ತೊಮ್ಮೆ ವಿಡಿಯೊ ನೋಡಿದರು. ಚಿತ್ರ ಆಳೆತ್ತರದಿಂದ ಬಂದಿತ್ತು, ಯಾರೋ ತಲೆ ತಿರುಗಿಸಿದ ಹಾಗೆ ಅತ್ತಿತ್ತ ಹೊರಳುತ್ತಿತ್ತು.

"ಫೋನ್ ಹಿಡಿದು ತೆಗೆದಿದ್ರೆ ಈ ಅಜ್ಜಿ ಅಲ್ಲೇ ಚಪ್ಪಲಿ ಎತ್ತೋರು," ಎಂದ ಬೀರಯ್ಯ.

"ಕನ್ನಡಕ ಸಾರ್," ಎಂದಳು ತ್ರಿವೇಣಿ. "ಈಗ ಕ್ಯಾಮೆರಾ ಇರೋ ಸ್ಮಾರ್ಟ್ ಕನ್ನಡಕ ಬಂದಿದೆ. ಕಡ್ಡಿ ಮುಟ್ಟಿದ್ರೆ ಸಾಕು, ಎದುರಿಗಿರೋದು ರೆಕಾರ್ಡ್ ಆಗುತ್ತೆ."

ಹೆಣ್ಣುಮಕ್ಕಳ ಖಾಸಗಿತನಕ್ಕೆ ಧಕ್ಕೆ ತಂದ ಆರೋಪದಡಿ, ಅಪರಿಚಿತ ವ್ಯಕ್ತಿಯ ಮೇಲೆ ಎಫ್‌ಐಆರ್ ದಾಖಲಾಯಿತು. ಪುಟದ ಒಡೆಯರ ವಿವರ ಕೇಳಿ ಚಿಕ್ಕಮಗಳೂರಿನ ಸೈಬರ್ ಠಾಣೆಯ ಮೂಲಕ ಪತ್ರ ಹೋಯಿತು. ಉತ್ತರಕ್ಕೆ ವಾರಗಳೇ ಹಿಡಿಯಬಹುದೆಂದರು. ನಿಲ್ದಾಣದ ಸಿಸಿಟಿವಿಯಲ್ಲಿ ಕಂಬ ಕಾಣುತ್ತಿತ್ತೇ ಹೊರತು ಅದರ ಹಿಂದಿನ ಬೆಂಚು ಕಾಣುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಊರೇ ತೀರ್ಪು ಕೊಟ್ಟಾಗಿತ್ತು. ಮೊಬೈಲ್ ಅಂಗಡಿಯ ರವಿಕುಮಾರ ಅಂಥ ಕನ್ನಡಕ ಹಾಕಿಕೊಂಡು ಕೆಮ್ಮಣ್ಣುಗುಂಡಿಯ ರೀಲ್ಸ್ ಮಾಡುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಜನ ಅವನ ಅಂಗಡಿ ಮುಂದೆ ಸೇರಿದರು, ಒಬ್ಬ ಅಂಗಿ ಕಾಲರಿಗೂ ಕೈ ಹಾಕಿದ. ಅಷ್ಟರಲ್ಲಿ ಜೀಪು ಹೋಗದಿದ್ದರೆ ಏನಾಗುತ್ತಿತ್ತೋ.

ಠಾಣೆಯಲ್ಲಿ ಪಂಚರ ಎದುರು ಕನ್ನಡಕ, ಫೋನು ಎರಡನ್ನೂ ತೆಗೆದುಕೊಂಡು ಪಂಚನಾಮೆ ಬರೆದರು.

"ಶನಿವಾರ ಎಲ್ಲಿದ್ದೆ?"

"ಬೆಟ್ಟದ ಮೇಲೆ ಸಾರ್. ಗಾಡಿ ಪಾರ್ಕಿಂಗ್ ಚೀಟಿ ಐತೆ, ವಿಡಿಯೊ ಐತೆ."

"ಬಸ್ ಸ್ಟ್ಯಾಂಡ್‌ನಲ್ಲಿ ತೆಗೆದಿಲ್ವಾ?"

"ನಮ್ ಬಸ್ ಸ್ಟ್ಯಾಂಡ್ ನೋಡಿ ಯಾರು ಲೈಕ್ ಕೊಡ್ತಾರೆ ಸಾರ್?"

"ಇಂಥ ಕನ್ನಡಕ ಬೇರೆ ಯಾರ ಹತ್ರ ಇದೆ?"

"ನಂದೇ ಹಳೇದೊಂದು ಇತ್ತು. ಕಡೂರಿನ ಒಬ್ರು ಅಕ್ಕಂಗೆ ಮಾರ್ಬಿಟ್ಟೆ."

"ಹೆಂಗಸಾ? ಅದು ಬಿಡು," ಎಂದರು ತೀರ್ಥಪ್ಪ. "ಯಾವ ಹುಡುಗರ ಹತ್ರ ಇದೆ ಹೇಳು."

ಅವನಿಗೆ ಗೊತ್ತಿರಲಿಲ್ಲ. ಅವನ ಫೋನಿನಲ್ಲಿ ಬೆಟ್ಟ, ಮಂಜು, ಹೂವು ಬಿಟ್ಟು ಬೇರೇನೂ ಸಿಗಲಿಲ್ಲ. ರಾತ್ರಿ ಅವನನ್ನು ಬೀರಯ್ಯನೇ ಮನೆಗೆ ಬಿಟ್ಟುಬಂದ.

ಬುಧವಾರವೆಲ್ಲ ಕಾಲೇಜು ಹುಡುಗರ ವಿಚಾರಣೆಯಲ್ಲಿ ಕಳೆಯಿತು. ಮೆಹನಾಜ್ ಹೊತ್ತುಹೊತ್ತಿಗೆ ತ್ರಿವೇಣಿಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದಳು: "ಅಕ್ಕಾ, ಹೊಸದು ಏನಾದ್ರೂ ಬಂತಾ?"

ಗುರುವಾರ ಮಧ್ಯಾಹ್ನ ತೀರ್ಥಪ್ಪನವರು ಊಟದ ಡಬ್ಬಿ ತೆರೆದಿಟ್ಟುಕೊಂಡು ಮತ್ತೆ ಆ ವಿಡಿಯೊ ಹಾಕಿದರು. ಎಷ್ಟನೆಯ ಸಲವೋ. ಬೆಂಚಿನ ತುದಿಯಲ್ಲಿದ್ದ ಇಬ್ಬರು ಶಾಲೆ ಹುಡುಗಿಯರು ಇತ್ತ ನೋಡಿ, ತಟ್ಟನೆ ಮುಖ ತಿರುಗಿಸುತ್ತಾರೆ. ಯಾರೋ ಗಂಡಸು ದುರುಗುಟ್ಟಿ ನೋಡಿದ್ದಕ್ಕೇ ತಿರುಗಿದರೆಂದು ಎಲ್ಲರೂ ತಿಳಿದಿದ್ದರು. ಆಗ ಕಡಲೆಕಾಯಿ ಮಾರುವವನೊಬ್ಬ ಅಡ್ಡ ಹಾಯುತ್ತಾನೆ. ಸೈದಾನಿ ಬಿ ಪರದೆ ಇಳಿಸುತ್ತಾರೆ. ಅವನು ದಾಟಿದ ಮೇಲೆ ಮತ್ತೆ ಎತ್ತುತ್ತಾರೆ.

ತೀರ್ಥಪ್ಪನವರ ಕೈ ತುತ್ತಿನ ಮೇಲೆಯೇ ನಿಂತಿತು. ಕ್ಷಣಮಾತ್ರ ಹಾದುಹೋದ ಕಡಲೆಕಾಯಿಯವನಿಗೆ ಪರದೆ ಇಳಿಸಿದವರು, ಎದುರಿಗೇ ನಿಂತವನಿಗೆ ಏಕೆ ಇಳಿಸಲಿಲ್ಲ?

ಕೈ ತೊಳೆದವರೇ ತ್ರಿವೇಣಿಯನ್ನು ಕರೆದುಕೊಂಡು ಸೈದಾನಿ ಬಿ ಮನೆಗೆ ಹೋದರು.

"ಅಮ್ಮಾ, ಆವತ್ತು ನಿಮ್ಮ ಎದುರಿಗೆ ನಿಂತಿದ್ದೋರು ಹೆಂಗಸಾ?"

"ಮತ್ತೆ? ಗಂಡಸಿನ ಎದುರು ಬಾಯಿ ತೆಗೆದು ಎಲೆ ಹಾಕ್ಕೊಂತೀನಾ ನಾನು? ಎಂಥ ಮಾತು ಸಾಬ್!"

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಯಾವ ಗಂಡಸು ಬಂದಿದ್ದ ಅಂತ ಕೇಳಿದ್ರಿ. ಹಾದುಹೋದ ಗಂಡಸರನ್ನೆಲ್ಲ ಹೇಳಿದೆ. ಅವಳು ಪಾಪ, ಬಳೆ ಚೀಲ ಹಿಡಕೊಂಡು ನಿಂತಿದ್ಲು. ಮದ್ರಾಸ್ ಐ ಬಂದಿತ್ತು. ಕರಿ ಕನ್ನಡಕ ಹಾಕಿದ್ಲು."

ಮಳೆಗಾಲದ ಕೊನೆಯಿಂದ ಮೂರೂರಲ್ಲೂ ಕಣ್ಣು ಬೇನೆ ಹಬ್ಬಿತ್ತು. ಬಸ್ಸಿಗೊಬ್ಬರು ಕರಿ ಕನ್ನಡಕದವರು ಇದ್ದೇ ಇರುತ್ತಿದ್ದರು. ಬೇನೆ ಬಂದವರ ಕಣ್ಣು ನೋಡಿದರೆ ತಮಗೂ ಬರುತ್ತದೆಂದು ಜನ ಮುಖ ತಿರುಗಿಸುತ್ತಿದ್ದರು. ಠಾಣೆಯಲ್ಲಿ ಸ್ವತಃ ಬೀರಯ್ಯನೇ ಹೋದ ವಾರ ಹಾಗೆ ಕೂತಿದ್ದ, ತೀರ್ಥಪ್ಪನವರು ಅವನೊಡನೆ ಗೋಡೆ ನೋಡಿಕೊಂಡು ಮಾತಾಡಿದ್ದರು.

"ಮುಖ ಹೆಂಗಿತ್ತಮ್ಮಾ?"

"ನನ್ನ ನೋಡಬೇಡಿ, ಅಂಟ್ಕೊಳ್ತದೆ ಅಂತ ಅವಳೇ ಹೇಳಿದ್ಲು. ಅಂದ್ಮೇಲೆ ನೋಡ್ತಾರಾ? ಆ ಹುಡುಗೀರೂ ತಿರುಗಿದ್ರು, ನಾವೂ ಅವಳ ಮುಖ ನೋಡದೆ ನಮ್ಮ ಪಾಡಿಗೆ ಕೂತ್ವಿ."

ಯಾರೂ ನೋಡಬಾರದೆಂದು ಊರಿಗೆ ಊರೇ ಒಪ್ಪಿಕೊಂಡಿದ್ದ ಮುಖ. ಜೀಪು ಹತ್ತುವಾಗ ತೀರ್ಥಪ್ಪನವರ ನೆನಪಿಗೆ ಬಂದದ್ದು ತಮ್ಮದೇ ಮಾತು: ಹೆಂಗಸಾ? ಅದು ಬಿಡು.

"ನಾನೇ ಎರಡು ದಿನ ಹಾಳು ಮಾಡಿದೆ ತ್ರಿವೇಣಿ."

"ನಾನೂ ಅಲ್ಲೇ ಕೂತು ಕೇಳಿಸ್ಕೊಂಡೆ ಸಾರ್. ನಂಗೂ ಹೊಳೀಲಿಲ್ಲ."

ರವಿಕುಮಾರ ಅಂಗಡಿಯ ಅರ್ಧ ಬಾಗಿಲು ಮಾತ್ರ ತೆರೆದಿದ್ದ. ಪೊಲೀಸರನ್ನು ಕಂಡು ಅದನ್ನೂ ಎಳೆಯಲು ಹೋದ.

"ಹೆದರಬೇಡಪ್ಪಾ. ಕಡೂರಿನ ಆ ಅಕ್ಕ ಯಾರು?"

"ಆವತ್ತೇ ಹೇಳಕ್ ಬಂದೆ, ನೀವೇ ಬಿಡು ಅಂದ್ರಿ."

"ಹೌದು, ತಪ್ಪಾಯ್ತು. ಈಗ ಹೇಳು."

ಇನ್‌ಸ್ಪೆಕ್ಟರ್ ತಪ್ಪಾಯ್ತು ಅಂದದ್ದಕ್ಕೆ ಹುಡುಗ ಒಂದು ಗಳಿಗೆ ಗಾಬರಿಯಾಗಿ ನಿಂತ. ಆಮೇಲೆ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹೆಸರು ತೋರಿಸಿದ. ಪ್ರತಿಮಾ. ಕಡೂರು, ತರೀಕೆರೆ, ಅಜ್ಜಂಪುರದ ಫ್ಯಾನ್ಸಿ ಸ್ಟೋರ್‌ಗಳಿಗೆ ಬಳೆ, ಕ್ಲಿಪ್ಪು ತಂದುಕೊಡುವ ಕೆಲಸ.

ಕಡೂರು ತಲುಪುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಸೂರ್ಯಾಸ್ತದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಮನೆ ಗುರುತು ಮಾಡಿಕೊಂಡು, ಆ ರಾತ್ರಿ ಹೊಸ ವಿಡಿಯೊ ಬರದಿರಲೆಂದು ಎಲ್ಲರೂ ಒಳಗೊಳಗೇ ಬೇಡಿಕೊಂಡು ಹಿಂತಿರುಗಿದರು.

ಅಕ್ಟೋಬರ್ 17, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ. ಪ್ರತಿಮಾ ಬಾಗಿಲಿಗೆ ನೀರು ಹಾಕುತ್ತಿದ್ದಳು. ಮೂವತ್ತನಾಲ್ಕರ ಒಂಟಿ ಹೆಂಗಸು. ಖಾಕಿ ಕಂಡು ಬಕೆಟ್ಟನ್ನು ನಿಧಾನಕ್ಕೆ ಕೆಳಗಿಟ್ಟಳು.

"ಕನ್ನಡಕ ಎಲ್ಲಿದೆಯಮ್ಮಾ?"

"ಬ್ಯಾಗಲ್ಲೈತೆ."

ರೆಕಾರ್ಡ್ ಆಗುವಾಗ ಹೊತ್ತಿಕೊಳ್ಳುವ ಪುಟ್ಟ ದೀಪದ ಮೇಲೆ ಕಾಡಿಗೆ ಮೆತ್ತಿದ್ದಳು. ಪಂಚರಾಗಿ ಬಂದಿದ್ದ ಪಕ್ಕದ ಬೀದಿಯ ಇಬ್ಬರು ಹೆಂಗಸರ ಎದುರು ಕನ್ನಡಕ, ಫೋನು ವಶಕ್ಕೆ ಬಂದವು. ಪುಟ ಆ ಫೋನಿನಲ್ಲೇ ತೆರೆದಿತ್ತು. ಬಂಧನದ ಕಾರಣ ತಿಳಿಸಿ, ತ್ರಿವೇಣಿ ಅವಳನ್ನೂ ಪಂಚರನ್ನೂ ಜೀಪಿಗೆ ಹತ್ತಿಸಿದಳು.

ಠಾಣೆಯಲ್ಲಿ ತೀರ್ಥಪ್ಪನವರು ಫೋನನ್ನು ತ್ರಿವೇಣಿಯ ಕೈಗೆ ಕೊಟ್ಟರು.

"ಮಿಕ್ಕಿದ್ದು ಇದ್ರೆ ನೀನು, ಪಂಚರು ಮಾತ್ರ ನೋಡಿ. ಗಂಡಸರು ಯಾರೂ ಬೇಡ. ನಾನು ಹೊರಗಿರ್ತೀನಿ."

ಹೊರಗೆ ಬೇವಿನ ಮರದ ಕೆಳಗೆ ನಿಂತರು. ಜೇಬಿನಲ್ಲಿ ಜೀಪಿನ ಕೀ ಇದೆಯೇ ಎಂದು ಮುಟ್ಟಿ ನೋಡಿಕೊಂಡರು. ಮತ್ತೆ ಮುಟ್ಟಿದರು. ಆ ತಾಯಿಗೆ ಏನೆಂದು ಹೇಳುವುದು? ಇದೆ, ಆದರೆ ಭದ್ರವಾಗಿದೆ ಎಂದೇ? ಅಂಥ ಭದ್ರತೆಯನ್ನು ಅವಳು ನಂಬಬೇಕೇಕೆ?

ಬಾಗಿಲು ತೆರೆಯಿತು. ತ್ರಿವೇಣಿಯ ಮುಖ ಅವರಿಗೆ ಅರ್ಥವಾಗಲಿಲ್ಲ.

"ಸಾರ್, ಪೂರ್ತಿ ವಿಡಿಯೊ ಇದೆ."

"ಇದೆಯಾ?"

"ಇದೆ. ಆದ್ರೆ ಆ ಹುಡುಗಿ ಮಗುನ ಎಳ್ಕೊಂಡ ತಕ್ಷಣ ಇವಳು ತಲೆ ತಗ್ಗಿಸ್ಬಿಟ್ಟಿದ್ದಾಳೆ. ಅಲ್ಲಿಂದ ಮುಂದೆ ಬರೀ ನೆಲ ಸಾರ್. ಕೊನೇವರೆಗೂ ನೆಲ. ಬೇರೆ ಕಡೆ ಕಳಿಸಿದ್ದೂ ಏನೂ ಸಿಗ್ಲಿಲ್ಲ."

ತೀರ್ಥಪ್ಪನವರು ಮರಕ್ಕೆ ಒರಗಿಕೊಂಡರು. ಕನ್ನಡಕ ಹಾಕಿದವರ ಮುಖ ಎತ್ತ ತಿರುಗುತ್ತದೋ ಚಿತ್ರವೂ ಅತ್ತಲೇ. ಪ್ರತಿಮಾ ನೋಡಿರಲಿಲ್ಲ.

ಹೇಳಿಕೆ ಬರೆಸುವಾಗ ಅವಳು ಅಳಲಿಲ್ಲ.

"ಯಾಕೆ ಮಾಡಿದೆ?"

"ಚಪ್ಪಲಿ ಅಕ್ಕ ಅಂತ ಕೇಳಿದ್ದೀರಾ ಸಾರ್?"

ಬೀರಯ್ಯ ತಲೆಯೆತ್ತಿದ. ಎರಡು ವರ್ಷದ ಹಿಂದೆ ಎಲ್ಲರ ಫೋನಿಗೂ ಬಂದಿತ್ತು. ಕಡೂರು ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲಲ್ಲೇ ಒಂದು ಚಪ್ಪಲಿ ಉಳಿದು, ಹೆಂಗಸೊಬ್ಬಳು ಸೀರೆ ಎತ್ತಿ ಹಿಡಿದು 'ನನ್ ಚಪ್ಪಲಿ ಕೊಟ್ಟು ಹೋಗೋ' ಎಂದು ಕೂಗುತ್ತಾ ಓಡುವ ವಿಡಿಯೊ. ಅವನೂ ನಾಲ್ಕು ಜನಕ್ಕೆ ಕಳಿಸಿದ್ದ.

"ಅದು ನಾನೇ. ಅಂಗಡಿಗೆ ಹೋದ್ರೆ ಅದೇ ಮಾತು, ಬಸ್ ಹತ್ತಿದ್ರೆ ಅದೇ. ಸಣ್ಣ ಮಕ್ಕಳು ಒಂಟಿಗಾಲಲ್ಲಿ ಕುಂಟಿ ತೋರಿಸೋವು. ಒಂದ್ಸಲ ಬೇರೆ ಯಾರೋ ಮೋರಿಗೆ ಬಿದ್ದ ವಿಡಿಯೊ ಬಂತು. ಆ ವಾರ ನನ್ನ ಯಾರೂ ಕೂಗ್ಲಿಲ್ಲ ಸಾರ್. ವಾರ ಆದ್ಮೇಲೆ ಮತ್ತೆ ಶುರು. ಹೊಸದು ಬರ್ತಾ ಇದ್ರೆ ನಂದು ಮರೀತಾರೆ ಅಂತ..."

"ಮರೆತರಾ?"

"ಒಂದೊಂದು ವಾರ."

ಬೀರಯ್ಯ ಎದ್ದುಹೋಗಿ ಅವಳಿಗೆ ಟೀ ತಂದಿಟ್ಟ.

ಜಾಮೀನು ಕೊಡಬಹುದಾದ ಅಪರಾಧವಾದ್ದರಿಂದ ಸಂಜೆಯೊಳಗೆ ಠಾಣೆಯಲ್ಲೇ ಜಾಮೀನಾಯಿತು. ಫೋನು, ಕನ್ನಡಕ ಪರೀಕ್ಷೆಗೆ ಹೋದವು. ಪುಟ ತೆಗೆಸಲು ಪತ್ರ ಹೋಯಿತು.

ಮಧ್ಯಾಹ್ನವೇ ಮೆಹನಾಜ್ ಅತ್ತೆ, ಮಗುವಿನೊಡನೆ ಬಂದಿದ್ದಳು. ಫೋನಿಗೆ ಸೀಲು ಹಾಕುವ ಮೊದಲು, ಪಂಚರ ಎದುರಿಗೇ, ಕೊನೆಯ ಭಾಗವನ್ನು ಅವಳಿಗೆ ತೋರಿಸಿದರು. ಸಿಮೆಂಟಿನ ನೆಲ, ಉದುರಿದ ಅಡಿಕೆ ಚೂರು, ಒಂದು ಪುಟ್ಟ ಹಳದಿ ಕಾಲುಚೀಲ.

"ಅಮ್ಮೀ!" ಎಂದು ಕೂಗಿದಳು. "ಮುನ್ನಾದು ಸಾಕ್ಸ್ ನೋಡಿ! ಅಲ್ಲೇ ಬಿದ್ದಿತ್ತು!"

"ಮನೆಯೆಲ್ಲ ಹುಡುಕಿಸಿದ್ಯಲ್ಲೇ ನನ್ನ ಕೈಲಿ," ಎಂದು ಸೈದಾನಿ ಬಿ ಗದರಿದರು. ಮೆಹನಾಜ್ ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಮಗುವಿನ ಹೊಟ್ಟೆಗೆ ಮುಖ ಒತ್ತಿಕೊಂಡಳು. ಅತ್ತೆ ಅವಳ ಬೆನ್ನು ಸವರುತ್ತಾ, "ಸಾಬ್, ಇವಳಿಗೆ ಒಂದು ಬನ್ನು ತರಿಸಿ. ಆರು ದಿನದಿಂದ ಸರಿಯಾಗಿ ಏನೂ ತಿಂದಿಲ್ಲ," ಎಂದರು.

ಬನ್ನು ಬಂತು. ಅವಳು ಎರಡು ತಿಂದಳು.

ಅವರು ಹೋದ ಮೇಲೆ ತೀರ್ಥಪ್ಪನವರು ಪ್ರತಿಮಾಳನ್ನು ಇನ್ನೊಂದೇ ಪ್ರಶ್ನೆ ಕೇಳಿದರು.

"ಆಗ ತಲೆ ಯಾಕೆ ತಗ್ಗಿಸಿದೆ?"

"ಗೊತ್ತಿಲ್ಲ ಸಾರ್."

ಕೇಸ್ ಡೈರಿಯಲ್ಲಿ ಅದನ್ನು ಹಾಗೆಯೇ ಬರೆದರು. ಈ ಪ್ರಕರಣದಲ್ಲಿ ತಿಳಿಯದೆ ಉಳಿದದ್ದು ಅದೊಂದೇ ಅಲ್ಲ. ಎರಡು ವರ್ಷದ ಹಿಂದೆ ಕಡೂರಿನಲ್ಲಿ ಆ ಚಪ್ಪಲಿಯ ವಿಡಿಯೊ ತೆಗೆದವರು ಯಾರೆಂದು ಈವರೆಗೂ ಗೊತ್ತಾಗಿಲ್ಲ.