ಎರಡು ಹರಳುಗಳ ಮಾತು

ಮಂತ್ರಿಗಳ ಎದುರೇ ಡಾ. ಅನಿರುದ್ಧ ಕಟಗೇರಿ ತಾವೇ ರೂಪಿಸಿದ ಮಾಹಿತಿ ಹರಳಿನ ಮೇಲೆ ಸುತ್ತಿಗೆ ಹಾಕಿದರು. ಅದು ಪುಡಿಯಾಯಿತು. ಅದರ ಜೋಡಿ ಹರಳು ಮಾತ್ರ ಒಂದಕ್ಷರವೂ ಬಿಡದೆ ಜಿಲ್ಲೆಯ ಹದಿನಾಲ್ಕು ಲಕ್ಷ ಜನರ ರಕ್ತದ ಗುಂಪನ್ನು ಒಪ್ಪಿಸಿತು. ಬರೆದದ್ದೆಲ್ಲ ಎರಡು ಹರಳುಗಳಲ್ಲೂ ಒಮ್ಮೆಲೇ ಮೂಡುವ ಈ ಕನ್ನಡಿ ಸಂಗ್ರಹ ಬಂದದ್ದು 2058ರಲ್ಲಿ. ಆಮೇಲೆ ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆಯ ಗೋಜೇ ಉಳಿಯಲಿಲ್ಲ. ಹೆಸರು ಹೇಳಿದರೆ ಸಾಕಾಗಿತ್ತು.

ಮೂರು ವರ್ಷಗಳ ಬಳಿಕ ಕಟಗೇರಿ ಹರಳುಗಳ ಯಂತ್ರದ ತಪಾಸಣೆಗೆಂದು ಆ ಜಿಲ್ಲೆಯ ಆಸ್ಪತ್ರೆಗೆ ಬಂದಾಗ, ರಕ್ತನಿಧಿಯ ತಂತ್ರಜ್ಞೆ ದಾಕ್ಷಾಯಣಿ ಬೂದಿಹಾಳ ಯಂತ್ರದಿಂದ ಒಂದು ಹರಳನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಹರಳು ಮುಟ್ಟಿದವರ ನೌಕರಿ ಹೋಗುತ್ತದೆಂದು ಗೋಡೆಯ ಮೇಲೇ ಬರೆದಿತ್ತು. ಒಳಗೆ, ಆಗಷ್ಟೇ ಹೆತ್ತ ರೇಷ್ಮಾ ನದಾಫಳ ರಕ್ತಸ್ರಾವ ನಿಂತಿರಲಿಲ್ಲ.

"ಅದನ್ನ ವಾಪಸ್ ಹಾಕ್ರಿ! ಆಕೀಗೆ ರಕ್ತ ಕೊಡೂದು ತಡಾ ಆಗಾಕತ್ತೈತಿ," ಎಂದರು ಕಟಗೇರಿ.

"ಹಾಕೂದಿಲ್ಲ ಸರ್. ಆಕೀ ಹೆಸರು ಹಾಕಿದ್ರ ಒಂದು ಹರಳು 'ಓ' ಅಂತು, ಇನ್ನೊಂದು 'ಬಾಂಬೆ' ಅಂತು. ಸರಿಪಡಸ್ತೀನಿ ಅಂತ ಯಂತ್ರ ಬಾಂಬೆ ಅನ್ನೂದನ್ನ ಅಳಸಾಕ ಹೊಂಟಿತ್ತು. ನಾ ಕಿತ್ತೆ."

ಬಾಂಬೆ ಎಂಬುದು ಬಹಳ ಅಪರೂಪದ ಗುಂಪು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಗುಂಪಿನಂತೆಯೇ ಕಾಣುತ್ತದೆ, ಆದರೆ ಅಂಥವರಿಗೆ ಓ ರಕ್ತ ಏರಿಸಿದರೆ ಅದೇ ವಿಷ.

"ಒಮ್ಮೊಮ್ಮೆ ಹೊಸದು ಒಂದು ಹರಳಿನಾಗಷ್ಟೇ ಮೂಡತೈತಿ. ಆವಾಗ ಯಾವುದು ಕಡೀಕ ಬರದೈತೋ ಅದೇ ಖರೆ. ಯಂತ್ರಕ್ಕ ನಾನೇ ಹಂಗ ಕಲಿಸೇನಿ."

"ಕಡೀಕ ಮಾತಾಡಿದವ್ರೇ ಖರೆ ಆದ್ರ ನನ್ನ ಗಂಡ ಒಂದು ಜಗಳಾನೂ ಸೋಲ್ತಿದ್ದಿಲ್ರಿ."

ಹರಳನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ, ಆಕೆ ಧೂಳು ಹಿಡಿದಿದ್ದ ಗಾಜಿನ ನಳಿಕೆ ತೊಳೆದಳು. ರೇಷ್ಮಾಳ ರಕ್ತದಿಂದ ಬೇರ್ಪಡಿಸಿದ ತಿಳಿಗೆ, ಆಕೆಗೆಂದು ತಂದಿಟ್ಟಿದ್ದ ಚೀಲದ ಓ ರಕ್ತದ ಹನಿ ಬಿಟ್ಟಳು. ಹೊಂದುವ ರಕ್ತವಾದರೆ ಬೆರೆಯಬೇಕಿತ್ತು. ಅದು ಒಡೆದ ಹಾಲಿನಂತೆ ಗಂಟುಗಂಟಾಯಿತು. ಕಟಗೇರಿ ಆ ಚೀಲವನ್ನು ತಾವೇ ದೂರ ಸರಿಸಿದರು.

ಪಕ್ಕದ ಜಿಲ್ಲೆಯಿಂದ ಬಾಂಬೆ ರಕ್ತದ ಎರಡು ಚೀಲ ಬರುವವರೆಗೆ ರೇಷ್ಮಾ ಬರೀ ಸಲೈನ್ ಮೇಲೆ ಜೀವ ಹಿಡಿದಳು. ಬದುಕಿದಳು.

ಕಟಗೇರಿ ಯಂತ್ರದ ದಿನಚರಿ ತೆಗೆದರು. 'ಸರಿಪಡಿಸಲಾಗಿದೆ' ಎಂಬ ಸಾಲು ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಇತ್ತು.

"ಅದರಾಗ ಖರೇದನ್ನ ಅಳಿಸಿ ಸುಳ್ಳು ಉಳಿಸಿದ್ದು ಎಷ್ಟು ಸರ್?"

"ಗೊತ್ತಾಗೂದಿಲ್ಲ. ಈಗ ಎರಡೂ ಒಂದೇ ಮಾತು ಹೇಳ್ತಾವ. ಯಾರ ಹೆಸರಿನ ಮುಂದ ಅನ್ನೂದೂ ದಾಖಲಾಗಿಲ್ಲ."

ಒಂದು ಹರಳು ಒಡೆದರೆ ಏನು ಗತಿ ಎಂದು ಇಷ್ಟು ಜನ ತಲೆ ಕೆಡಿಸಿಕೊಂಡಿದ್ದರು. ಎರಡೂ ನೆಟ್ಟಗಿದ್ದು ಸುಳ್ಳು ಹೇಳಿದರೆ ಎಂದು ಒಬ್ಬರೂ ಕೇಳಿರಲಿಲ್ಲ.

ಸಂಜೆಯೊಳಗೆ ಮಂತ್ರಿಗಳ ಕಚೇರಿಯಿಂದ ಆದೇಶ ಬಂತು: ವಿಷಯ ಹೊರಗೆ ಹೋಗಬಾರದು, ಬೂದಿಹಾಳ ಅಮಾನತು. ದಾಕ್ಷಾಯಣಿ ಅದನ್ನು ಪೂರ್ತಿ ಓದಿದಳು. ಆಮೇಲೆ ಹೊರರೋಗಿಗಳ ಅಂಗಳಕ್ಕೆ ಒಂದು ಮೇಜು ಎಳೆದು ತಂದು, ಸೂಜಿ, ಹತ್ತಿ, ಗಾಜಿನ ಪಟ್ಟಿ ಜೋಡಿಸಿ ಕೂಗಿದಳು.

"ಯಂತ್ರ ಹೇಳಿದ್ದು ನಂಬಬ್ಯಾಡ್ರೋ! ಎಲ್ಲಾರೂ ಬೆರಳು ಕೊಡ್ರಿ, ಮತ್ತ ಮೊದಲಿಂದ ನೋಡೂಣು!"

ಜನ ಗುಸುಗುಸು ಮಾಡುತ್ತ ನಿಂತರು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಗುಂಪು ಸರಿಸಿಕೊಂಡು ಒಬ್ಬರು ಬಂದು ಮೇಜಿನ ಮುಂದೆ ಕೂತರು. ಕಟಗೇರಿ.

"ನಿಮ್ಮ ಗುಂಪು ಯಾವ್ದ್ರೀ ಸರ್?" ಆಕೆ ಪೆನ್ನು ತೆಗೆದಳು.

ಕಟಗೇರಿ ಬೆರಳು ಚಾಚಿದರು.

"ಗೊತ್ತಿಲ್ಲ ಅಂತ ಬರಕೊಳ್ರಿ."